ಗೌಡರ ಮನೆಗೆ ತಂದ ಅಳಿಯ

"ಗೌಡ್ರ ಮನೆಗೆ ತಂದಿರೋರು ನೀವೇನಾ?"

ನಾನು ಇಲ್ಲಿಗೆ ಬಂದ ಮರುದಿನ ಬೆಳಿಗ್ಗೆ, ಡೇರಿಗೆ ಹಾಲು ಹಾಕಲು ಹೊರಟಿದ್ದ ಮುದುಕನೊಬ್ಬ ಗೇಟಿನಾಚೆ ನಿಂತು ಕೇಳಿದ ಮಾತಿದು. ನಮ್ಮ ಸಿಂದಗಿ ಕಡೆ ಸೊಸೆಯನ್ನು ತರುತ್ತಾರೆ, ಸಂತೆಯಿಂದ ಎತ್ತು ತರುತ್ತಾರೆ. ಇಂಗ್ಲಿಷ್ ಎಂ.ಎ. ಮಾಡಿದ, ಮೀಸೆ ಬಲಿತ ಗಂಡಸನ್ನು ತಂದದ್ದನ್ನು ನಾನು ಕೇಳಿರಲಿಲ್ಲ. ಮುದುಕ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ, "ಎತ್ರ ಚೆನ್ನಾಗವ್ರೆ" ಎಂದು ತನಗೆ ತಾನೇ ಹೇಳಿಕೊಂಡು ಕ್ಯಾನು ಎತ್ತಿಕೊಂಡು ಹೋದ.

ಹೆಂಡತಿಯ ತವರಿನಲ್ಲಿ ನೆಲೆಸುವ ಗಂಡಸನ್ನು ಇಲ್ಲಿ ಮನೆವಾಳ್ತನದ ಅಳಿಯ ಎನ್ನುತ್ತಾರೆ. ಹೊಸಕೋಟೆ ದಾಟಿ ಜಡಿಗೇನಹಳ್ಳಿಯ ಕಡೆ ಬಂದರೆ ಮಾತಿನಲ್ಲಿ ತೆಲುಗು ಸೇರಿಕೊಳ್ಳುತ್ತದೆ. ಹಳಬರು ಅದನ್ನೇ ಇಲ್ಲರಿಕಂ ಎನ್ನುತ್ತಾರೆ. ಎರಡೂ ಹೆಸರು ಕಿವಿಗೆ ಹಿತವಾಗಿವೆ. ಅರ್ಥ ಮಾತ್ರ ಒಂದೇ: ಈ ಮನುಷ್ಯನಿಗೆ ತನ್ನದೆಂಬ ಮನೆ ಇಲ್ಲ.

ನಾನು ಹೀಗೆ ಬಂದದ್ದಕ್ಕೆ ಒಂದು ಇಂಗ್ಲಿಷ್ ಕಾದಂಬರಿ ಕಾರಣ. ಇನ್ನೂರು ವರ್ಷದಷ್ಟು ಹಳೆಯದು, ಎಂ.ಎ. ತರಗತಿಯಲ್ಲಿ ಪಠ್ಯವಾಗಿತ್ತು. ಆಸ್ತಿಯಿಲ್ಲದ ಮನೆಯ ಜಾಣ ಹುಡುಗಿ, ದೊಡ್ಡ ಜಮೀನುದಾರ ಗಂಡು. ಅವನು ಮೊದಲು ಅವಳನ್ನು ತುಚ್ಛವಾಗಿ ಕಾಣುತ್ತಾನೆ, ಅವಳು ಅವನನ್ನು ಹತ್ತಿರ ಸೇರಿಸುವುದಿಲ್ಲ, ಕೊನೆಗೆ ಇಬ್ಬರಿಗೂ ಬುದ್ಧಿ ಬಂದು ಮದುವೆಯಾಗುತ್ತದೆ. ಮೈಸೂರಿನ ಆ ತರಗತಿಯಲ್ಲಿ ಸುಷ್ಮಾ ಎದ್ದು ನಿಂತು, ಪ್ರೀತಿ ಎದುರಾದಾಗ ಅಂತಸ್ತು ತಲೆ ಬಾಗಿಸುತ್ತದೆ ಎಂದು ಈ ಕಾದಂಬರಿ ತೋರಿಸಿದೆ ಎಂದಳು. ನಾನು ಹಿಂದಿನ ಬೆಂಚಿನಿಂದ, ಆ ಹುಡುಗಿಗೆ ಪ್ರೀತಿ ಹುಟ್ಟಿದ್ದು ಗಂಡಿನ ಬಂಗಲೆ ನೋಡಿದ ಮೇಲೆ, ಬಂಗಲೆ ಚಿಕ್ಕದಿದ್ದರೆ ಕಾದಂಬರಿಯೂ ಚಿಕ್ಕದಾಗುತ್ತಿತ್ತು ಎಂದೆ. ಜಗಳ ತರಗತಿಯಿಂದ ಕ್ಯಾಂಟೀನಿಗೆ ಬಂತು. ಕ್ಯಾಂಟೀನಿನಿಂದ ಕೆರೆಯ ಏರಿಗೆ ಹೋಯಿತು. ಅಲ್ಲಿಂದ ಎಲ್ಲಿಗೆ ಹೋಯಿತೆಂದು ನೀವೇ ಊಹಿಸಬಹುದು.

ಸುಷ್ಮಾಳ ಅಪ್ಪ ಮುನಿಶಾಮೇಗೌಡರು ಬೇರೆ ಜಾತಿಯ, ಎಕರೆ ನೆಲವಿಲ್ಲದ ಶಾಲಾ ಮಾಸ್ತರನ ಮಗನನ್ನು ಒಪ್ಪುವುದಿಲ್ಲವೆಂದು ನಾವಿಬ್ಬರೂ ಹೆದರಿದ್ದೆವು. ಅವರು ಒಂದು ವಾರ ಯೋಚಿಸಿ ಒಪ್ಪಿದರು. ಗಂಡುಮಕ್ಕಳಿಲ್ಲ, ಇಬ್ಬರೂ ಹೆಣ್ಣುಮಕ್ಕಳು. ಹಾಗಾಗಿ ಅಳಿಯ ತಮ್ಮ ಮನೆಯಲ್ಲೇ ಇರಬೇಕು, ಹೊಸಕೋಟೆಯ ಕಾಲೇಜಿನಲ್ಲಿ ಕೆಲಸ ಕೊಡಿಸುವುದು ತಮ್ಮ ಹೊಣೆ ಎಂದರು. ನಾನು ಅವರ ದೊಡ್ಡ ಮನಸ್ಸಿಗೆ ಕೈಮುಗಿದೆ. ಅವರು ಆ ವಾರವೆಲ್ಲ ಏನು ಯೋಚಿಸಿದ್ದರೆಂದು ಸುಷ್ಮಾ ಮದುವೆಯಾದ ಮೇಲೆ ನಗುತ್ತ ಹೇಳಿದಳು: "ಬರಿಗೈಲಿ ಬಂದೋನು ಎಲ್ಲಿಗೂ ಹೋಗಲ್ಲ, ಬಿಡು ಅಂದ್ರು ನಮ್ಮಪ್ಪ." ಅವಳಿಗೆ ಅದು ತಮಾಷೆಯಾಗಿತ್ತು. ನಾನೂ ನಕ್ಕೆ.

ಮನೆಯ ವರ್ಣನೆ ಕೇಳಿ. ಮೂರಂತಸ್ತು, ಮೆಟ್ಟಿಲಿನಿಂದ ಸೂರಿನವರೆಗೆ ಗ್ರಾನೈಟು. ಗೇಟಿನ ಎರಡು ಕಂಬಗಳ ಮೇಲೆ ಸಿಮೆಂಟಿನ ಸಿಂಹಗಳು. ಅವುಗಳ ಮುಖ ಮಾಡಿದವನು ಸಿಂಹವನ್ನು ಕಂಡವನಲ್ಲ, ಸ್ನಾನಕ್ಕೆ ಎಳೆದುಕೊಂಡು ಹೋಗುತ್ತಿರುವ ನಾಯಿಗಳ ಹಾಗೆ ಕಾಣುತ್ತವೆ. ನಡುಮನೆಯ ಸೋಫಾಗಳ ಪ್ಲಾಸ್ಟಿಕ್ ಹೊದಿಕೆ ನಾನು ಬಂದಾಗಲೂ ಇತ್ತು, ಈಗಲೂ ಇದೆ. ಬೇಸಿಗೆಯಲ್ಲಿ ಕೂತು ಎದ್ದರೆ ಅಂಗಿ ಅಂಟಿಕೊಂಡು ಬರುತ್ತದೆ. ಗಾಜಿನ ಶೋಕೇಸಿನಲ್ಲಿ ಬೊಂಬೆಗಳಿದ್ದವು. ನನ್ನ ಪುಸ್ತಕಗಳಿಗೆ ಜಾಗ ಸಿಕ್ಕಿದ್ದು ಮೆಟ್ಟಿಲ ಕೆಳಗೆ, ರಾಗಿ ಮೂಟೆಗಳ ಪಕ್ಕ. ನಮ್ಮ ಊರಿನ ಎರಡು ಕೋಣೆಯ ಮಾಳಿಗೆ ಮನೆಯಲ್ಲಿ ಅಪ್ಪ ಪುಸ್ತಕಗಳನ್ನು ದೇವರ ಗೂಡಿನ ಮೇಲಿಡುತ್ತಿದ್ದ.

ಮಾವನವರು ಸ್ವಲ್ಪ ಜಮೀನನ್ನು ಬಡಾವಣೆಗೆ ಮಾರಿದ್ದರು. ಉಳಿದದ್ದರಲ್ಲಿ ಪಾಲಿಹೌಸ್ ಹಾಕಿ ಗುಲಾಬಿ ಬೆಳೆಸುತ್ತಿದ್ದರು. ಬೆಳೆಸುತ್ತಿದ್ದರು ಎಂದರೆ ಕಾರಿನಲ್ಲಿ ಬದುವಿನ ತನಕ ಹೋಗಿ, ಗಾಜು ಇಳಿಸಿ, ನೋಡಿ ಬರುತ್ತಿದ್ದರು. ಆ ಹಳೆಯ ಕಾದಂಬರಿಯ ದೊಡ್ಡ ಮನುಷ್ಯರೂ ಹೀಗೆಯೇ, ಪುಟಗಟ್ಟಲೆ ಯಾವ ಕೆಲಸವನ್ನೂ ಮಾಡುವುದಿಲ್ಲ. ಅವರು ಬೆಳಗಿನ ಹೊತ್ತು ಒಬ್ಬರ ಮನೆಗೊಬ್ಬರು ಹೋಗಿ ನೆರೆಯವರ ಸಂಬಂಧಗಳನ್ನು ತೂಗುತ್ತಾರೆ. ನಮ್ಮ ಮಾವ ಅದೇ ಕೆಲಸವನ್ನು ಜಗಲಿಯ ಮೇಲೆ ಮಾಡುತ್ತಾರೆ. ಆ ಇಂಗ್ಲಿಷ್ ಯಜಮಾನರನ್ನು ಎಬ್ಬಿಸಿ ತಂದು ಈ ಜಗಲಿಯಲ್ಲಿ ಕೂರಿಸಿದರೆ ದುಭಾಷಿಯ ಅಗತ್ಯ ಬೀಳುವುದಿಲ್ಲ. ಇಬ್ಬರೂ ಯಾರ ಕಡೆಯವರು ಎಂದು ಕೇಳಿ, ಊಟಕ್ಕೆ ಕಾಯುತ್ತಾರೆ.

ಭಾಷೆ ನನ್ನದೇ ಕನ್ನಡ ಎಂಬ ಧೈರ್ಯದಿಂದ ಬಂದಿದ್ದೆ. ಮೊದಲ ದಿನವೇ ಅತ್ತೆಗೆ "ಹೂಂ ರೀ", "ಬ್ಯಾಡ್ರೀ", "ಸಾಕ್ರೀ" ಎಂದದ್ದಕ್ಕೆ ಅಡುಗೆಮನೆಯಲ್ಲಿ ನೆರೆದಿದ್ದ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಇಲ್ಲಿ ಮಾತಿಗೊಂದು ರೀ ಹಚ್ಚುವುದು ಹೆಂಡತಿ ಗಂಡನಿಗೆ. ನಮ್ಮಲ್ಲಿ ಎಮ್ಮೆ ಅಡ್ಡ ಬಂದರೂ "ಅತ್ತಾಗ ಸರೀರೀ" ಎನ್ನುವವರಿದ್ದಾರೆಂದು ಇವರಿಗೆ ಹೇಗೆ ಗೊತ್ತಾಗಬೇಕು? ಕಾಲೇಜಿನಲ್ಲಿ ಹುಡುಗರು ಒಬ್ಬರನ್ನೊಬ್ಬರು ಗುರು ಎಂದು ಕರೆಯುತ್ತಾರೆ. ಪಾಠ ಮಾಡುವ ನನ್ನನ್ನು ಬಿಟ್ಟು ಉಳಿದವರೆಲ್ಲ ಗುರುಗಳು. ಆರು ತಿಂಗಳಲ್ಲಿ ನಾನು ನನ್ನ ಮಾತನ್ನು ಮಡಚಿಟ್ಟು "ಬರ್ತೀನಿ", "ಹೋಗ್ತೀನಿ" ಕಲಿತೆ. ಆದರೂ ಟೀ ಅಂಗಡಿಯಲ್ಲಿ ಬಾಯಿ ತೆರೆದರೆ, "ಸಾರ್ ಮೇಲ್ಗಡೆಯವ್ರಾ?" ಎನ್ನುತ್ತಾರೆ. ಮೇಲ್ಗಡೆ ಎಂದರೆ ನಕ್ಷೆಯಲ್ಲಿ ಮೇಲೆ. ಅವರ ದನಿಯಲ್ಲಿ ನಾವು ಯಾವಾಗಲೂ ಕೆಳಗೇ.

ಮುದ್ದೆಯನ್ನು ಅಗಿಯಬಾರದು, ಸಾರಿನಲ್ಲಿ ಅದ್ದಿ ನುಂಗಬೇಕು ಎಂದು ಇಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ನಾನು ಅಗಿದೆ, ಹಲ್ಲಿಗೆ ಮೆತ್ತಿಕೊಂಡಿತು, ಮನೆಯವರೆಲ್ಲ ನನ್ನ ಬಾಯಿಯನ್ನೇ ನೋಡಿದರು. ಆ ಮನೆಯಲ್ಲಿ ಅಗಿಯದೆ ನುಂಗಬೇಕಾದದ್ದು ಇನ್ನೂ ಬಹಳ ಇತ್ತು, ಮುದ್ದೆಯೇ ಎಲ್ಲಕ್ಕಿಂತ ಸಲೀಸು. ಒಬ್ಬರ ವಿಷಯದಲ್ಲಿ ಮಾತ್ರ ನಾನು ಹೀಗೆ ಬರೆಯಲಾರೆ. ನಾನು ಅರ್ಧ ಹೊಟ್ಟೆಯಲ್ಲಿ ಏಳುತ್ತಿದ್ದುದನ್ನು ಕಂಡ ಅತ್ತೆ ಲಕ್ಷ್ಮಮ್ಮ ಯಾರಿಗೂ ಹೇಳದೆ ಹೊಸಕೋಟೆಯಿಂದ ಜೋಳದ ಹಿಟ್ಟು ತರಿಸಿ ಒಂದು ಮಧ್ಯಾಹ್ನ ರೊಟ್ಟಿ ತಟ್ಟಿದರು. ಅಂಚೆಲ್ಲ ಸೀಳಿತ್ತು, ನಡುವೆ ಹಸಿ. "ನಿಮ್ಮಮ್ಮ ತಟ್ಟೋ ಹಂಗೆ ಬರ್ಲಿಲ್ಲ ಅಲ್ವಾ?" ಎಂದರು. ಚೆನ್ನಾಗಿದೆ ಎಂದು ಮೂರು ತಿಂದೆ. ಆಮೇಲಿಂದ ಸೋಮವಾರ ಸೋಮವಾರ ರೊಟ್ಟಿಯಾಯಿತು. ಇಲ್ಲಿ ನಾನು ಗೆದ್ದದ್ದು ಅದೊಂದೇ.

ಮದುವೆಗಳ ವಿಷಯಕ್ಕೆ ಬರುತ್ತೇನೆ. ಸುಷ್ಮಾಳ ಚಿಕ್ಕಪ್ಪನ ಮಗನ ಮದುವೆಗೆ ಮುಂಚೆ ಗಂಡು ಹೆಣ್ಣಿನ ಫೋಟೋ ತೆಗೆಸಲು ನಲ್ಲೂರಿನ ಹುಣಸೆ ತೋಪಿಗೆ ಹೋದರು. ಜೊತೆಗೆ ನಾವೂ ಹೋಗಬೇಕಾಯಿತು. ಎಷ್ಟೋ ತಲೆಮಾರು ಕಂಡ ಮರಗಳು, ಬೊಡ್ಡೆಗಳು ಹಗ್ಗ ಹೊಸೆದಂತೆ ತಿರುಚಿಕೊಂಡಿವೆ. ಅವುಗಳ ನಡುವೆ ಆ ಹುಡುಗಿ ಬಿಳಿ ಗೌನು ಎತ್ತಿ ಹಿಡಿದು ಓಡಬೇಕು, ಹುಡುಗ ಹಿಂದಿನಿಂದ ಓಡಿಹೋಗಿ ಹಿಡಿಯಬೇಕು, ಮೇಲೆ ಡ್ರೋನ್ ಗುಂಯ್ಗುಟ್ಟಬೇಕು. ಜಾತಕ ಕೂಡಿ, ಜಮೀನಿನ ಮಾತು ಮುಗಿದು, ಅವರಿಬ್ಬರೂ ಒಬ್ಬರನ್ನೊಬ್ಬರು ಎರಡು ಸಲವೋ ಮೂರು ಸಲವೋ ನೋಡಿದ್ದರು ಅಷ್ಟೆ. ಇಂಗ್ಲಿಷ್ ಕಾದಂಬರಿಯಲ್ಲಿ ಮೊದಲು ಪ್ರೀತಿ, ಆಮೇಲೆ ಕರಾರು. ಇಲ್ಲಿ ಕರಾರು ಮುಗಿದ ಮೇಲೆ ಪ್ರೀತಿಯ ಫೋಟೋ ತೆಗೆಸಿಕೊಳ್ಳುತ್ತಾರೆ.

ಮದುವೆ ಬೂದಿಗೆರೆ ರಸ್ತೆಯ ದೊಡ್ಡ ಕಲ್ಯಾಣ ಮಂಟಪದಲ್ಲಿ. ಮಾವ ನನ್ನ ಹೆಗಲ ಮೇಲೆ ಕೈಹಾಕಿ ಸಾಲು ಸಾಲಾಗಿ ಪರಿಚಯಿಸಿದರು. "ನಮ್ಮ ದೊಡ್ಡ ಅಳಿಯಂದ್ರು, ಇಂಗ್ಲಿಷ್ ಲೆಕ್ಚರರು." ಎದುರಿನವರು ಹುಬ್ಬೇರಿಸಿದ ಮೇಲೆ ಸ್ವಲ್ಪ ದನಿ ತಗ್ಗಿಸಿ, "ನಮ್ಮನೇಲೇ ಅವ್ರೆ" ಎನ್ನುತ್ತಿದ್ದರು. ಹುಬ್ಬು ಇಳಿಯುತ್ತಿತ್ತು. ಮೂರನೆಯ ದಿನ ಬೀಗರ ಊಟ. ಮದುವೆಯಾದ ಮೇಲೆ ಹೆಣ್ಣಿನ ಕಡೆಯವರಿಗೂ ಗಂಡಿನ ಕಡೆಯವರಿಗೂ ಹಾಕುವ ಬಾಡೂಟಕ್ಕೆ ಇಲ್ಲಿ ಹೀಗೆನ್ನುತ್ತಾರೆ. ಮಾಂಸ ಮುಟ್ಟದ ನನಗೆ ಷಾಮಿಯಾನದ ಮೂಲೆಯಲ್ಲಿ ಎಲೆ ಹಾಕಿದರು. ಶನಿದೇವರ ವ್ರತ ಹಿಡಿದಿದ್ದ ಒಬ್ಬಜ್ಜಿ, ಹಲ್ಲುನೋವಿನ ಒಬ್ಬ ಯಜಮಾನರು, ನಾನು. ಅಷ್ಟೇ ಜನ.

ಸುಷ್ಮಾ ಆ ಕಡೆಯ ಸಾಲಿನಲ್ಲಿ ತಂಗಿಯ ಪಕ್ಕ ಕೂತು ನಗುತ್ತಿದ್ದಳು. ಮೈಸೂರಿನಲ್ಲಿ ಒಂದು ಮಾತಿಗೆ ಹತ್ತು ಮಾತು ಎಸೆಯುತ್ತಿದ್ದವಳು, ಅಪ್ಪನ ಮನೆಗೆ ಬಂದ ಮೇಲೆ ಮತ್ತೆ ಮಗಳಾಗಿಬಿಟ್ಟಿದ್ದಳು. ನನ್ನನ್ನು ಇತರರ ಮುಂದೆ "ಇವರು" ಎನ್ನುತ್ತಿದ್ದಳು. ಜಗಳವಾಡಲು ನಮ್ಮಿಬ್ಬರಿಗೂ ಏನೂ ಉಳಿದಿರಲಿಲ್ಲ. ನಾನು ವರ್ಷವರ್ಷವೂ ಬಿ.ಎ. ಹುಡುಗರಿಗೆ ಅದೇ ಕಾದಂಬರಿ ಪಾಠ ಮಾಡುತ್ತಿದ್ದೆ. ಬರೆದಾಕೆ ಬಲು ಜಾಣೆ, ಮದುವೆಯಾದ ಕೂಡಲೇ ಕತೆ ನಿಲ್ಲಿಸಿಬಿಟ್ಟಿದ್ದಾಳೆ. ಆ ಹುಡುಗಿ ಬಂಗಲೆಗೆ ಹೋದ ಮೇಲೆ ಊಟದ ಮೇಜಿನಲ್ಲಿ ಅವಳನ್ನು ಎಲ್ಲಿ ಕೂರಿಸಿದರು ಎಂದು ಬರೆಯುವ ಧೈರ್ಯ ಮಾಡಲಿಲ್ಲ.

ಸುಷ್ಮಾಳ ತಂಗಿ ಹರ್ಷಿತಾ ಬಿ.ಕಾಂ. ಮುಗಿಸಿ ಹೊಸಕೋಟೆಯ ಆಡಿಟರ್ ಒಬ್ಬರ ಆಫೀಸಿಗೆ ಹೋಗುತ್ತಿದ್ದಳು. ಅವಳು ಮಂಜುನಾಥ ಎಂಬುವವನನ್ನು ಇಷ್ಟಪಟ್ಟಿದ್ದಾಳೆಂದು ತಿಳಿದದ್ದು ಆ ಮದುವೆಯಾದ ಮಳೆಗಾಲದಲ್ಲಿ. ಮಂಜುನಾಥ ಮಂಟಪಗಳಿಗೆ ಹೂವಿನ ಅಲಂಕಾರ ಮಾಡುವವನು. ಆ ಬೂದಿಗೆರೆ ರಸ್ತೆಯ ಮದುವೆಗೆ ಮಂಟಪ ಕಟ್ಟಿದ್ದವನೂ ಅವನೇ. ಮಾವ ಅವತ್ತು ಅವನ ಬೆನ್ನು ತಟ್ಟಿ, "ಭೇಷ್ ಮಾಡಿದ್ದೀಯ ಕಣಯ್ಯ" ಎಂದದ್ದನ್ನು ನಾನೇ ಕೇಳಿದ್ದೆ. ಜಾತಿ ಒಂದೇ. ಒಳಪಂಗಡವೂ ಒಂದೇ. ಮನೆದೇವರು ಕೂಡ ಅಡ್ಡ ಬರುವಂತಿರಲಿಲ್ಲ. ಇಲ್ಲದ್ದು ಜಮೀನು ಮಾತ್ರ. ನನ್ನ ಕಾಲಕ್ಕೆ ಎಲ್ಲರೂ ಜಾತಿಯ ಮಾತಾಡಿದ್ದರಿಂದ ಒಳಗಿದ್ದ ನಿಜವಾದ ತಕರಾರು ಕಂಡಿರಲಿಲ್ಲ. ಈಗ ಮೇಲಿನ ಸೆರಗು ಜಾರಿ ಅದು ಬತ್ತಲೆ ನಿಂತಿತು.

ಮಾವ ಕೂಗಾಡಲಿಲ್ಲ. ಹರ್ಷಿತಾಳ ಫೋನು ತೆಗೆದಿಟ್ಟರು, ಆಫೀಸು ಬಿಡಿಸಿದರು. ಒಂದು ಭಾನುವಾರ ಬೆಳಿಗ್ಗೆ ನಾನು ಪತ್ರಿಕೆ ಓದುತ್ತಿದ್ದಾಗ ಬಂದು ಪಕ್ಕ ಕೂತರು.

"ಅಳಿಯಂದ್ರೇ, ಅವ್ಳು ನಮ್ಮ ಮಾತು ಕೇಳಲ್ಲ. ನೀವು ಸ್ವಲ್ಪ ಬುದ್ಧಿ ಹೇಳ್ಬೇಕು."

"ನಾನೇನು ಹೇಳಲಿ ಮಾವ? ನಮ್ಮದೂ ಲವ್ ಮ್ಯಾರೇಜೇ."

"ಅದಕ್ಕೇ ನೀವೇ ಹೇಳ್ಬೇಕು ಅನ್ನೋದು. ಬರಿಗೈಲಿ ದೊಡ್ಡ ಮನೆಗೆ ಬಂದ್ರೆ ಗಂಡಸಿನ ಪಾಡು ಏನಾಗ್ತದೆ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಿಮ್ಮ ಅನುಭವ ಹೇಳಿ. ನಿಮ್ಮನ್ನ ಕಂಡ್ರೆ ಅವ್ಳಿಗೆ ಗೌರವ ಐತೆ."

ಅವರ ಮುಖದಲ್ಲಿ ಕುಹಕದ ಸುಳಿವೂ ಇರಲಿಲ್ಲ. ತಲೆನೋವಿನ ಮಾತ್ರೆ ಬೇಕಾದಾಗ ಮನೆಯಲ್ಲಿರುವ ಡಬ್ಬಿಗೆ ಕೈಹಾಕುವಂತೆ ನನ್ನ ಬಳಿ ಬಂದಿದ್ದರು. ಬೈದಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ. ಐದು ವರ್ಷ ಅವರನ್ನು ಕಂಡು ಒಳಗೊಳಗೇ ನಗುತ್ತ ಬಂದವನು ನಾನು. ಅವರು ಅದನ್ನು ಗಮನಿಸಿಯೇ ಇರಲಿಲ್ಲ. ನಾನು ನಗಬಲ್ಲೆ ಎಂಬುದೇ ಅವರಿಗೆ ತೋಚಿರಲಿಲ್ಲ.

ಆಗಲಿ ಎಂದೆ. ತಿಂಡಿಯಾದ ಮೇಲೆ ನಡುಮನೆಯಲ್ಲಿ ಎಲ್ಲರೂ ಸೇರಿದರು. ಹರ್ಷಿತಾ ಅಕ್ಕನ ಪಕ್ಕದಲ್ಲಿ ಕೂತಿದ್ದಳು, ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಹರ್ಷಿತಾ ನಾನು ಬಾಯಿ ತೆರೆಯುವ ಮೊದಲೇ, "ಭಾವ, ನೀವೂ ಅಪ್ಪನ ಥರಾನೇ ಮಾತಾಡೋದಾದ್ರೆ ಬೇಡ" ಎಂದಳು. "ಒಂದೇ ಕೇಳ್ತೀನಿ. ನೀವು ಇಲ್ಲಿ ಚೆನ್ನಾಗಿದ್ದೀರ ತಾನೆ?"

ನಾನು ಇಲ್ಲಿಯ ಕನ್ನಡದಲ್ಲಿ ಉತ್ತರ ಸಿದ್ಧಮಾಡಿಕೊಂಡು ಬಂದಿದ್ದೆ. ಬಾಯಿಗೆ ಬಂದದ್ದು ನನ್ನ ಊರಿನ ಮಾತು.

"ಇಲ್ಲವಾ, ಚೆಂದ ಇಲ್ಲ. ನಿಮ್ಮಪ್ಪ ಹೇಳೂದು ಖರೇ ಐತಿ. ಬರಿಗೈಲೆ ಈ ಮನಿಗೆ ಬಂದಾಂವಗ ಕಿಮ್ಮತ್ತಿಲ್ಲ. ಮಂದಿ ಮುಂದ ಹೆಸರು ಹೇಳ್ತಾರ, ಹಿಂದಿಂದ ನಮ್ಮನೇಲೇ ಅದಾನ ಅಂತಾರ. ಐದು ವರ್ಷ ಆತು, ನನ್ನ ಪುಸ್ತಕ ಮೆಟ್ಟಲ ಬುಡಕ ಅದಾವ. ಮಂಜುನಾಥಗೂ ಹಿಂಗ ಆಕ್ಕೇತಿ."

ಮಾವ ತೃಪ್ತಿಯಿಂದ ತಲೆಯಾಡಿಸಿದರು. ಮುಗಿಯಿತು ಎಂದುಕೊಂಡು ಏಳಲು ಹೊರಟರು.

"ಅದಕ್ಕ ಅವನ್ನ ಇಲ್ಲಿಗೆ ತರಬ್ಯಾಡ" ಎಂದೆ. "ಅವನ್ನ ಮದಿವಿ ಆಗು. ಆಗಿ ನೀ ಅವನ ಮನಿಗೆ ಹೋಗು. ಎರಡು ಖೋಲಿ ಮನಿ ಇದ್ರೂ ಅಡ್ಡಿಯಿಲ್ಲ."

ಮಾವ ಅರ್ಧ ಎದ್ದವರು ಹಾಗೇ ಕೂತರು. ಪ್ಲಾಸ್ಟಿಕ್ ಹೊದಿಕೆ ಕಿರುಗುಟ್ಟಿತು. ಸುಷ್ಮಾ ನನ್ನನ್ನೇ ನೋಡುತ್ತಿದ್ದಳು. ಆಮೇಲೆ ಎದ್ದು ಮಹಡಿಗೆ ಹೋದಳು.

ನಾನು ಹಿಂದೆಯೇ ಹೋದೆ. ಅವಳು ತಾರಸಿಯಲ್ಲಿ ಒಣಹಾಕಿದ್ದ ಬಟ್ಟೆ ತೆಗೆಯುತ್ತಿದ್ದಳು, ಇನ್ನೂ ಒದ್ದೆಯಿದ್ದವನ್ನೂ.

"ನನ್ನ ಹತ್ರ ಒಂದು ಸಲಾನೂ ಹೇಳ್ಲಿಲ್ಲ ನೀವು" ಎಂದಳು. "ಅವಳಿಗೆ ಹೇಳಿದ್ರಿ. ಎಲ್ಲರ ಮುಂದೆ."

"ನೀನು ಕೇಳಲಿಲ್ಲ."

"ಕೇಳೋ ಹಾಗೆ ಇಟ್ಟಿದ್ರಾ ಮುಖಾನ? ಬಂದ ದಿನದಿಂದ ನೋಡ್ತಿದ್ದೀನಿ. ಗೇಟು ನೋಡಿ ನಗು, ಸೋಫಾ ನೋಡಿ ನಗು, ನಮ್ಮಪ್ಪ ಬಾಯ್ಬಿಟ್ರೆ ಮೀಸೆ ಒಳಗೆ ನಗು. ಅವರು ನಿಮ್ಮನ್ನ ಕೀಳಾಗಿ ನೋಡಿದ್ರು, ಸರಿ. ನೀವು ನಮ್ಮ ಮನೇಲಿ ಒಬ್ಬರನ್ನಾದ್ರೂ ಸಮಕ್ಕೆ ನೋಡಿದ್ದೀರಾ? ನನ್ನನ್ನ?"

ನಾನು ರೊಟ್ಟಿ ತಟ್ಟಿದ ಅತ್ತೆಯ ಹೆಸರು ಹೇಳಹೊರಟು ತಡೆದುಕೊಂಡೆ. ಅದೂ ಉಪಕಾರ ಸ್ಮರಣೆಯ ಹಾಗೆ ಕೇಳುತ್ತಿತ್ತು. ಬಹಳ ಹೊತ್ತು ಜಗಳವಾಡಿದೆವು. ಮೈಸೂರು ಬಿಟ್ಟ ಮೇಲೆ ಅಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು. ಕೆಳಗೆ ಎಲ್ಲರಿಗೂ ಕೇಳಿಸುತ್ತಿತ್ತು. ಕೊನೆಗೆ ಅವಳು ಒದ್ದೆ ಬಟ್ಟೆಗಳನ್ನು ಮತ್ತೆ ಹಗ್ಗಕ್ಕೆ ಹಾಕಿ, "ಬಾಡಿಗೆ ಮನೆ ನೋಡಿ. ನಿಮ್ಮ ಪುಸ್ತಕಕ್ಕೆ ಗೋಡೆ ಇರೋದು" ಎಂದಳು.

ಹೊಸಕೋಟೆಯಲ್ಲಿ ಬಾಡಿಗೆಗೆ ಮನೆ ಕೇಳಿದರೆ ಮೊದಲು ಜಾತಿ ಕೇಳುತ್ತಾರೆ, ಆಮೇಲೆ ಮಾಂಸ ಬೇಯಿಸುತ್ತೀರಾ ಎನ್ನುತ್ತಾರೆ. ನಮ್ಮಿಬ್ಬರ ಉತ್ತರಗಳು ಬೇರೆ ಬೇರೆಯಾದ್ದರಿಂದ ಮೂರು ಮನೆ ಕೈತಪ್ಪಿದವು. ನಾಲ್ಕನೆಯ ಮನೆಯಾಕೆ, "ನೀರು ಸರಿಯಾಗಿ ಬರಲ್ಲ, ಅದಕ್ಕೊಪ್ಪಿದ್ರೆ ಏನಾದ್ರೂ ಬೇಯಿಸ್ಕೊಳ್ಳಿ" ಎಂದಳು. ಒಪ್ಪಿದೆವು. ಮಾವ ನಮ್ಮನ್ನು ತಡೆಯಲಿಲ್ಲ. ಸಾಮಾನು ಸಾಗಿಸಲು ಟೆಂಪೋ ಕಳಿಸಿದರು. ಡ್ರೈವರನಿಗೆ, "ನಮ್ಮ ಅಳಿಯಂದ್ರಿಗೆ ಪಾಪ ಕಾಲೇಜು ದೂರ ಆಗ್ತಿತ್ತು" ಎಂದರು. ಅದೇ ಮಾತನ್ನು ಊರಿನಲ್ಲೆಲ್ಲ ಹೇಳಿದರಂತೆ.

ಹರ್ಷಿತಾ ಊಟ ಬಿಟ್ಟಳು, ಮಾತು ಬಿಟ್ಟಳು, ಕೊನೆಗೆ ಅಮ್ಮನನ್ನು ತನ್ನ ಕಡೆ ಸೆಳೆದುಕೊಂಡಳು. ಮಾವ ಸೋತರು, ಆದರೆ ತಮ್ಮ ಮರ್ಯಾದೆಗೆ ತಕ್ಕ ಹಾಗೆ ಸೋತರು. ಮದುವೆ ಅದೇ ದೊಡ್ಡ ಮಂಟಪದಲ್ಲಿ ಆಗಬೇಕು, ಮದುವೆ ಗಂಡು ಹೂವಿನ ಕೆಲಸಕ್ಕೆ ಕೈಹಾಕಬಾರದು, ಬೆಂಗಳೂರಿನಿಂದ ಬೇರೆ ಅಲಂಕಾರದವರು ಬರಬೇಕು. ಬಂದರು. ಪ್ಲಾಸ್ಟಿಕ್ ಹೂವು ಬೆರೆಸಿ ಕಟ್ಟಿ ಹೋದರು. ಮುಹೂರ್ತಕ್ಕೆ ಮುಂಚೆ ಮಂಜುನಾಥ ರೇಷ್ಮೆ ಪಂಚೆ, ಪೇಟ, ಬಾಸಿಂಗದಲ್ಲಿ ಮಂಟಪ ಹತ್ತಿ ಕೂತವನು, ಜೋಲುತ್ತಿದ್ದ ಚೆಂಡುಹೂವಿನ ಸರವೊಂದನ್ನು ನೋಡಿ ನೋಡಿ ತಡೆಯಲಾರದೆ ಎದ್ದು ಬಿಗಿದು ಕಟ್ಟಿದ. ಪುರೋಹಿತರು ಕೂತ್ಕೋಪ್ಪಾ ಎಂದರು. ಅವನು ಇನ್ನೊಂದು ಸರಕ್ಕೆ ಕೈಹಾಕಿದ್ದ. ಮಾವ ಮುಖ ಆಚೆ ತಿರುಗಿಸಿಕೊಂಡರು. ಹರ್ಷಿತಾ ನಗುತ್ತಿದ್ದಳು. ಅವರಿಬ್ಬರೂ ಈಗ ಹೂವಿನ ಗೋದಾಮಿನ ಹಿಂದಿನ ಮನೆಯಲ್ಲಿದ್ದಾರೆ. ಮಾವ ಇನ್ನೂ ಅಲ್ಲಿಗೆ ಹೋಗಿಲ್ಲ. ಅತ್ತೆ ಬಸ್ಸು ಹತ್ತಿ ಹೋಗುತ್ತಾರೆ, ದಾರಿಯಲ್ಲಿ ನಮ್ಮ ಮನೆಗೂ ಬರುತ್ತಾರೆ.

ಇಷ್ಟನ್ನು ಓದಿ ಸಿಂದಗಿ, ಇಂಡಿ, ಬಸವನಬಾಗೇವಾಡಿಯ ನನ್ನ ಜನ ಈ ಕಡೆಯವರನ್ನು ನೋಡಿ ನಗುತ್ತಿದ್ದರೆ, ಇನ್ನೊಂದು ಸಂಗತಿ ಹೇಳಿ ಮುಗಿಸುತ್ತೇನೆ.

ಈ ಸಲ ಎಳ್ಳ ಅಮಾವಾಸ್ಯೆಗೆ ಸುಷ್ಮಾಳನ್ನು ಊರಿಗೆ ಕರೆದುಕೊಂಡು ಹೋದೆ. ಅವಳು ನಮ್ಮ ಕಡೆ ಹೊಲದ ಊಟ ನೋಡಿರಲಿಲ್ಲ. ಕಾಕಾನ ಹೊಲದಲ್ಲಿ ಭೂತಾಯಿಗೆ ಎಡೆ ಎರಚಿ ಚರಗ ಚೆಲ್ಲಿ, ಬನ್ನಿ ಗಿಡದ ನೆರಳಿಗೆ ಎಲ್ಲರೂ ಸಾಲಾಗಿ ಕೂತರು. ಸಜ್ಜೆ ಕಡುಬು, ಭಜ್ಜಿ ಪಲ್ಯ, ಎಣ್ಣೆಗಾಯಿ. ಸುಷ್ಮಾ ಅವ್ವನ ಪಕ್ಕ ಕೂರಲು ಹೋದಾಗ ನನ್ನ ಚಿಗವ್ವ, ಕಾಕಾನ ಹೆಂಡತಿ, ಅವಳ ಕೈಹಿಡಿದು, ಬಲು ಪ್ರೀತಿಯಿಂದ, "ನೀ ಇತ್ತಾಗ ಕುಂಡ್ರವಾ, ನಿನಗ ಆರಾಮ ಆಕ್ಕೇತಿ" ಎಂದು ಸಾಲು ಬಿಟ್ಟು ದೂರದಲ್ಲಿ ಎಲೆ ಹಾಕಿದಳು. ನೀರಿಗೆ ಬೇರೆ ಲೋಟ. "ಕುರಿ ತಿನ್ನೂ ಮಂದಿ ಅಂತ" ಎಂದು ಯಾರೋ ಪಿಸುಗುಟ್ಟಿದ್ದು ನನಗೂ ಕೇಳಿತು, ಅವಳಿಗೂ ಕೇಳಿತು. ಅವ್ವ ಕತ್ತು ಬಗ್ಗಿಸಿ ಕಡುಬು ಮುರಿಯುತ್ತಿದ್ದಳು. ನಾನು ನನ್ನ ಎಲೆ ಎತ್ತಿಕೊಂಡು ಹೋಗಿ ಸುಷ್ಮಾಳ ಪಕ್ಕ ಕೂತೆ. ಚಿಗವ್ವ ಸಿಟ್ಟಾದಳು. ಊಟ ಮುಗಿಯುವ ತನಕ ನಮ್ಮಿಬ್ಬರ ಎಲೆಗೆ ಬಡಿಸಲು ಯಾರೂ ಬರಲಿಲ್ಲ.

ಸುಷ್ಮಾ ಇದ್ದಷ್ಟನ್ನು ಪೂರ್ತಿ ತಿಂದಳು. ಕೈತೊಳೆಯುವಾಗ, "ನಿಮ್ಮ ಕಡೆ ಗೇಟು ಕಾಣಲ್ಲ, ಅಷ್ಟೇ" ಎಂದಳು.

ಮರುದಿನ ಬೆಳಿಗ್ಗೆ ಸಿಂದಗಿಯಲ್ಲಿ ಬಸ್ಸು ಹತ್ತಿದೆವು. ಕಂಡಕ್ಟರ್ ನನ್ನ ಕೈಚೀಲ, ಅವ್ವ ಕಟ್ಟಿಕೊಟ್ಟ ರೊಟ್ಟಿಯ ಗಂಟು ನೋಡಿ, "ಊರಿಗೆ ಹೊಂಟೀರೇನ್ರಿ?" ಎಂದು ಕೇಳಿದ.

ಸುಷ್ಮಾ "ಹೂಂ" ಎಂದಳು.

"ಇಲ್ರೀ, ಊರಿಂದ ಹೊಂಟೀವಿ" ಎಂದೆ ನಾನು.

ಕಂಡಕ್ಟರ್ ನಮ್ಮಿಬ್ಬರ ಮುಖ ನೋಡಿ, ಎರಡು ಟಿಕೆಟು ಕೊಟ್ಟು ಮುಂದಕ್ಕೆ ಹೋದ.